ಒಂದು ಮುಡಿ ಕಗ್ಗ

ಮೊನ್ನೆ ಹೊನ್ನಾವರದಲ್ಲಿ ಗೊಬ್ಬರದ ಅಂಗಡಿಯೊಂದರ ಮುಂದೆ ಬಸ್ಸಿಗೆ ಕಾಯುತ್ತಿದ್ದೆ. ಒಳಗಿನಿಂದ ಔಷಧಿ ಹಚ್ಚಿದ ಬಿತ್ತನೆ ಬೀಜದ ಘಾಟು ಬಂತು. ತಕ್ಷಣ ನೆನಪಾದವರು ಎಪ್ಪತ್ತರ ದಶಕದ ಕೊನೆಯಲ್ಲಿ ಅಘನಾಶಿನಿ ಕಡೆಯ ಹಳ್ಳಿಗಳನ್ನು ನೋಡಿಕೊಳ್ಳುತ್ತಿದ್ದ ಗ್ರಾಮಸೇವಕರು. ಅವರ ಅಂಗಿಗೆ ಸದಾ ಇದೇ ವಾಸನೆ...

ಧಾರವಾಡದ ಕಡೆಯವರು. ಎರೆಮಣ್ಣು ಬಲ್ಲವರು, ಉಪ್ಪುನೀರು ಕಂಡವರಲ್ಲ. ನಾನು ಆಗ ಕುಮಟೆಯಿಂದ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಹೊಳೆಯಂಚಿನ ಗಜನಿಗಳಲ್ಲಿ, ಅಂದರೆ ಉಬ್ಬರದ ನೀರು ಹೊಕ್ಕು ಹೊರಡುವ ಗದ್ದೆಗಳಲ್ಲಿ, ಜನ ಕಗ್ಗ ಎಂಬ ಭತ್ತ ಬೆಳೆಯುತ್ತಿದ್ದರು. ಅದು ಉಪ್ಪು ತಾಳುತ್ತಿತ್ತು, ಆದರೆ ಇಳುವರಿ ಕಡಿಮೆ. ಹೊಸ ತಳಿ ಬಿತ್ತಿದವರಿಗೆ ಸಬ್ಸಿಡಿ ಕೊಡುತ್ತೇವೆಂದು ಸರಕಾರ ಹೇಳಿತು. ಷರತ್ತು ಒಂದೇ: ಮನೆಯಲ್ಲಿದ್ದ ಹಳೆಯ ಬೀಜವನ್ನೆಲ್ಲ ಮೊದಲು ಒಪ್ಪಿಸಬೇಕು.

ಗಂಡನಿಲ್ಲದ ಅಜ್ಜಿಯೊಬ್ಬಳ ಮನೆಗೆ ಅವರು ಹೋದಾಗ ನಾನೂ ಜೊತೆಗಿದ್ದೆ. ಅಜ್ಜಿ ಬೀಜ ಕೊಟ್ಟಾಗಿತ್ತು. ಹುಲ್ಲಿನಲ್ಲಿ ಬಿಗಿದ ಒಂದು ಮುಡಿ ಬೀಜ ಮಾತ್ರ ಒಲೆಯ ಮೇಲೆ ತೂಗುತ್ತಿತ್ತು.

"ಅದನ್ನೂ ಕೊಡ್ರಿ ಅವ್ವಾ. ಇಲ್ಲಂದ್ರ ಸಬ್ಸಿಡಿ ಬರೂದಿಲ್ರಿ."

"ಅದೂ ಬೇಕೇನೋ ತಮ್ಮಾ? ಹೊಗೆ ತಿಂದ್ಕಂಡು ಸುಮ್ನೆ ಕೂತದೆ, ನಿನ್ ಸರಕಾರಕ್ಕೆ ಎಂತ ಮಾಡ್ತು?" ಎಂದು ನಕ್ಕು, ಇಳಿಸಿ ಕೊಟ್ಟಳು.

ಆ ಮಳೆಗಾಲ ಗಜನಿಯ ಒಡ್ಡು ಒಡೆಯಿತು. ಹೊಸ ತಳಿ ಉಪ್ಪುನೀರಿಗೆ ಕರಗಿಹೋಯಿತು. ಒಪ್ಪಿಸಿದ ಕಗ್ಗ ಅಷ್ಟರೊಳಗೆ ಗಿರಣಿಯಲ್ಲಿ ಅಕ್ಕಿಯಾಗಿತ್ತು. ಮುಂದಿನ ವರ್ಷ ಬಿತ್ತಲು ಅಜ್ಜಿಯ ಬಳಿ ಏನೂ ಉಳಿದಿರಲಿಲ್ಲ. ಅವಳಿಗಿದ್ದದ್ದು ಆ ಒಂದು ತುಂಡು ಗಜನಿ, ವರ್ಷದ ಗಂಜಿ ಅದರಿಂದಲೇ. ಗ್ರಾಮಸೇವಕರನ್ನು ಯಾರೂ ಬೈಯಲಿಲ್ಲ. ಆದರೂ ಅವರು ಆ ಮನೆಯ ದಾರಿ ತಪ್ಪಿಸಿ ಸುತ್ತಿ ಹೋಗುವುದನ್ನು ನಾನು ಕಂಡೆ.

ಬಿತ್ತನೆಯ ಹೊತ್ತಿಗೆ ಅವರು ನನ್ನನ್ನು ಕರೆದುಕೊಂಡು ದೋಣಿಯಲ್ಲಿ ಆಚೆ ದಂಡೆಗೆ ಹೊರಟರು. ಅಲ್ಲಿ ಕೆಲವರು ಯೋಜನೆಗೆ ಸೇರದೆ ಬೀಜ ಉಳಿಸಿಕೊಂಡಿದ್ದರು. "ಆ ಅವ್ವಗ ಒಂದು ಮುಡಿಯಾದ್ರೂ ತಗೊಂಡು ಹೋಗ್ಬೇಕ್ರಿ" ಎಂದಷ್ಟೇ ದಾರಿಯಲ್ಲಿ ಹೇಳಿದರು.

ಮೊದಲ ಮನೆಯ ಅಂಗಳದಲ್ಲೇ ಹೆಂಗಸೊಬ್ಬಳು ಅವರ ಗುರುತು ಹಿಡಿದಳು. "ಹೋದ್ವರ್ಷ ಬೀಜ ಕೇಳೂಕೆ ಬಂದವ ನೀನೇ ಅಲ್ವೋ? ಈ ವರ್ಷ ಎಂತ, ಒಲೆನೂ ಕಿತ್ಕಂಡು ಹೋಗ್ತ್ಯಾ?" ನೆರೆಯವರು ಗೊಳ್ಳೆಂದರು. ಸರಕಾರಕ್ಕಲ್ಲ, ಒಬ್ಬ ಮುದುಕಿಗೆ ಎಂದು ಅವರು ಬಗೆಬಗೆಯಾಗಿ ಹೇಳಿದರು. ಹೋದ ವರ್ಷವೂ ನಿಮ್ಮ ಒಳ್ಳೆಯದಕ್ಕೇ ಎಂದು ಇದೇ ದನಿಯಲ್ಲಿ ಹೇಳಿದ್ದವರು ಅವರು. ಆಕೆ ನನ್ನತ್ತ ತಿರುಗಿದಳು.

"ಪೇಪರಿನೋರೇ, ನೀವು ಹೇಳಿ. ಇವ ಹೇಳೂದು ಖರೆಯೋ?"

ಸುದ್ದಿಗೆ ಹೋದವನು ಸುದ್ದಿಯ ಒಳಗೆ ಕಾಲಿಡಬಾರದೆಂದು ನನಗೆ ಕಲಿಸಿದ್ದರು. "ನಾನು ನೋಡೂಕೆ ಬಂದವ ಅಷ್ಟೇ, ಅಕ್ಕಾ" ಎಂದೆ. ಆಕೆ ಬಾಗಿಲು ಎಳೆದುಕೊಂಡಳು. ಉಳಿದ ಮನೆಗಳಿಗೂ ಮಾತು ನಮಗಿಂತ ಮೊದಲೇ ತಲುಪಿತ್ತು.

ಹಿಂದಿರುಗುವಾಗ ದೋಣಿಯಲ್ಲಿ ಗ್ರಾಮಸೇವಕರು ನನ್ನ ಮೇಲೆ ಸಿಟ್ಟಾಗಲಿಲ್ಲ. "ಆಕಿ ಅಂದದ್ದು ಬರೋಬ್ಬರಿ ಐತ್ರಿ" ಎಂದರು.

ನನ್ನ ವರದಿ ಪ್ರಕಟವಾಯಿತು, ಬೀಜ ಕೊಡಲು ರೈತರ ನಿರಾಕರಣೆ ಎಂದು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅಜ್ಜಿಯ ಗಜನಿ ಬಿತ್ತನೆಯಿಲ್ಲದೆ ಉಳಿಯಿತು. ಗ್ರಾಮಸೇವಕರು ಭಟ್ಕಳಕ್ಕೆ ವರ್ಗವಾಗಿ ಹೋದರು, ಮತ್ತೆ ಸಿಗಲಿಲ್ಲ. ಅವರು ತೀರಿಕೊಂಡ ಸುದ್ದಿ ಬಹಳ ತಡವಾಗಿ ತಿಳಿಯಿತು.

ಅಜ್ಜಿಯ ಆ ನೆಲ ಈಗ ಸಿಗಡಿ ಹೊಂಡ. ದಂಡೆಯ ಮೇಲೆ ನಿಂತರೆ ಬರೀ ನೀರು. ಖರೆಯೋ ಎಂದು ಆಚೆ ದಂಡೆಯ ಹೆಂಗಸು ಕೇಳಿದಾಗ ಹೌದು ಅಂದಿದ್ದರೆ ಸಾಕಿತ್ತು. ಅದೂ ಸುಳ್ಳಾಗುತ್ತಿರಲಿಲ್ಲ.