ಎಡಬಾಗಿಲಿನ ಬಿಳುಪು

ಪೇಂಟರ ಮಗಳಿಗೆ ಬಣ್ಣದ ಕಣ್ಣಿಲ್ಲ ಎಂಬುದು ಇಡೀ ಶೆಡ್ಡಿಗೆ ಗೊತ್ತಿತ್ತು. ಗೊತ್ತಿತ್ತು ಅಂದರೆ, ಪೇಂಟರು ದಿನಕ್ಕೊಮ್ಮೆಯಾದರೂ ಹಾಗೆ ಹೇಳುತ್ತಿದ್ದರು, ಕೇಳಿ ಕೇಳಿ ಎಲ್ಲರಿಗೂ ಬಾಯಿಪಾಠವಾಗಿತ್ತು. "ಕೈ ಇದೆ ನಿಂಗೆ, ಕಣ್ಣಿಲ್ಲ. ಪುಟ್ಟಿ ಹಚ್ಚು, ಉಜ್ಜು, ಬಣ್ಣ ಹೊಡೆಯೋ ಗನ್ ತೊಳಿ. ಬಣ್ಣ ಕಲಸೋ ಹತ್ರ ಮಾತ್ರ ಬರಬೇಡ," ಎನ್ನುವರು. ಮದುವೆಗೆ ಮುಂಚೆ ಅವಳು ಈ ಮಾತು ಕೇಳಿದ್ದಳು. ಮದುವೆಯಾಗಿ ಎರಡು ಬೀದಿ ಆಚೆ ಮನೆ ಮಾಡಿದ ಮೇಲೂ ಕೇಳಿದಳು. ಈಗ ತಲೆಯಲ್ಲಿ ಬಿಳಿ ಕೂದಲು ಇಣುಕುವ ಹೊತ್ತಿಗೂ ಕೇಳುತ್ತಿದ್ದಳು. ಗಂಡನ ಮನೆಯಲ್ಲಿ ಅವಳ ಮಾತು ನಡೆಯುತ್ತಿತ್ತು, ಮಕ್ಕಳು ಅವಳಿಗೆ ಹೆದರುತ್ತಿದ್ದರು. ಅಪ್ಪನ ಶೆಡ್ಡಿನೊಳಗೆ ಕಾಲಿಟ್ಟರೆ ಮಾತ್ರ ಮತ್ತೆ ಗನ್ ತೊಳೆಯುವ ಹುಡುಗಿ.

ಅಪ್ಪನ ಜಂಬಕ್ಕೆ ಕಾರಣವಿತ್ತು, ಸುಮ್ಮನೆ ಹೇಳಬಾರದು. ಹಳೇ ಕಾರುಗಳನ್ನು ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿದ್ದವೋ ಹಾಗೆ ಮಾಡಿಕೊಡುವುದು ಅವರ ಕೆಲಸ. ಹೊಸದು ಮಾಡುವುದಲ್ಲ, ಚಂದ ಮಾಡುವುದೂ ಅಲ್ಲ, ಇದ್ದ ಹಾಗೆ ಮಾಡುವುದು. ಡಿಕ್ಕಿಯ ಮುಚ್ಚಳದ ಒಳಮೈಗೆ ಕಾರ್ಖಾನೆಯವರು ಸೋಮಾರಿತನದಿಂದ ತೆಳ್ಳಗೆ ಬಣ್ಣ ಹೊಡೆದಿದ್ದರೆ ಅಪ್ಪನೂ ಅಷ್ಟೇ ತೆಳ್ಳಗೆ ಹೊಡೆಯುವರು. "ಅವರ ತಪ್ಪು ಅವರದ್ದು, ತಿದ್ದೋಕೆ ನಾವ್ಯಾರು?" ಎಂದು ಕೇಳುವರು. ಮೂಲ ಬಣ್ಣ ಯಾವುದೆಂದು ತಿಳಿಯಲು ಡ್ಯಾಶ್‌ಬೋರ್ಡ್ ಬಿಚ್ಚಿ, ಅದರ ಹಿಂದೆ ಬಿಸಿಲನ್ನೇ ಕಾಣದ ಜಾಗ ಹುಡುಕುವರು. ಅಲ್ಲಿ ಉಳಿದಿದ್ದ ಬಣ್ಣವನ್ನು ನೋಡಿ ನೋಡಿ ಡಬ್ಬಿಯಲ್ಲಿ ಹನಿ ಹನಿಯಾಗಿ ಕಲಸುವರು. ಕಲಸಿದ್ದನ್ನು ತೆಳುವಾದ ತಗಡಿನ ಪಟ್ಟಿಯೊಂದಕ್ಕೆ ಹೊಡೆದು, ಒಣಗಿಸಿ, ಹಗಲ ಬೆಳಕಿನಲ್ಲಿ ಕಾರಿನ ಮೈಗೆ ಒತ್ತಿ ಹಿಡಿಯುವರು. ಪಟ್ಟಿಗೂ ಮೈಗೂ ನಡುವೆ ಗೆರೆ ಕಂಡರೆ ಬಣ್ಣ ತಪ್ಪು. ಗೆರೆ ಮಾಯವಾದರೆ ಸರಿ. ಅಂಗಡಿಯ ಯಂತ್ರದಲ್ಲಿ ನಂಬರು ಒತ್ತಿ ಬಣ್ಣ ತರುವವರನ್ನು ಕಂಡರೆ ಅವರಿಗೆ ಮೈಯೆಲ್ಲಾ ಉರಿ.

ಆ ಕಣ್ಣು ಕೆಟ್ಟು ಕೆಲವು ವರ್ಷಗಳಾಗಿದ್ದವು. ಅದು ಅಪ್ಪನಿಗೇ ಗೊತ್ತಿರಲಿಲ್ಲ.

ಮೊದಲು ಗೊತ್ತಾದದ್ದು ಒಂದು ಹಸಿರು ಕಾರಿನಲ್ಲಿ. ಬಾನೆಟ್ಟಿನದು ಎಲೆಯ ಹಸಿರು, ಪಕ್ಕದ ಮಡ್‌ಗಾರ್ಡಿನದು ನೀಲಿ ಕಡೆ ವಾಲಿದ ಹಸಿರು. ಬೆಳಕಿನ ಮೋಸವಿರಬೇಕು ಅಂದುಕೊಂಡು ಮಗಳು ಆ ಬದಿಯಿಂದ ಈ ಬದಿಯಿಂದ ನೋಡಿದಳು. ಕೊನೆಗೆ ಟಿಂಕರ್ ಮಾವನನ್ನು ಕರೆದು ತೋರಿಸಿದಳು. ಅಮ್ಮನ ತಮ್ಮನಾದ ಅವನು ಅದೇ ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ತಗಡು ಬಡಿಯುತ್ತಿದ್ದ. ಮಾವ ಸುತ್ತಿಗೆಯನ್ನು ಕೈಯಲ್ಲೇ ಹಿಡಿದುಕೊಂಡು ಬಹಳ ಹೊತ್ತು ನೋಡಿದ.

"ಹೌದು ಕಣಮ್ಮ," ಎಂದ.

"ಹೇಳೋಣ್ವಾ ಮಾವ?"

"ಹೇಳಿ? ಆ ಕಣ್ಣು ಬಿಟ್ರೆ ಭಾವನ ಹತ್ರ ಇನ್ನೇನಿದೆ ಹೇಳು? ಮನುಷ್ಯ ಮೂಲೆ ಹಿಡಿದುಬಿಡ್ತಾರೆ. ಸುಮ್ನೆ ಬಾಯಿ ಮುಚ್ಕೊಂಡಿರು."

ಅಷ್ಟರಲ್ಲಿ ಅಪ್ಪ ಬಂದರು. ಪ್ರತಿ ಕೆಲಸ ಮುಗಿದಾಗಲೂ ಅವರು ಒಂದು ಮಾತು ಕೇಳುವರು. ಉತ್ತರ ಬೇಕೆಂದು ಕೇಳುವುದಲ್ಲ, ಹೊಗಳಲಿ ಎಂದು ಕೇಳುವುದು. "ಸರಿ ಇದೆಯಾ?" ಎಂದರು. "ಸರಿಯಾಗಿದೆ ಅಪ್ಪ," ಎಂದಳು ಮಗಳು.

ರಜೆಯ ದಿನ ಅಪ್ಪ ಮನೆಯಲ್ಲಿದ್ದಾಗ ಅವಳು ಮಾವನಿಂದ ಬೀಗದ ಕೈ ತೆಗೆದುಕೊಂಡು ಬಂದು, ಮಡ್‌ಗಾರ್ಡನ್ನು ಉಜ್ಜಿ, ತಾನೇ ಬಣ್ಣ ಕಲಸಿ ಹೊಡೆದಳು. ಪಟ್ಟಿ ಒತ್ತಿದಳು. ಗೆರೆ ಮಾಯ. ಮರುದಿನ ಅಪ್ಪ ಕಾರಿಗೆ ಒಂದು ಸುತ್ತು ಬಂದು, ಅದೇ ಮಡ್‌ಗಾರ್ಡಿನ ಮೇಲೆ ಕೈಯಾಡಿಸಿ, "ನೋಡು, ಇದಕ್ಕೆ ಬಣ್ಣ ಅಂತಾರೆ. ಕಲಿ," ಎಂದರು. ಮಗಳು ಗನ್ ತೊಳೆಯುವ ನೆಪದಲ್ಲಿ ಹಿಂದುಗಡೆ ಹೋದಳು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು.

ಅಲ್ಲಿಂದ ಮುಂದೆ ಅದೇ ಪಾಡಾಯಿತು. ಅಪ್ಪ ಹೊಡೆಯುವುದು, ಸರಿ ಇದೆಯಾ ಎನ್ನುವುದು, ಅವಳು ಸರಿಯಾಗಿದೆ ಎನ್ನುವುದು, ರಜೆಯ ದಿನ ಕದ್ದು ಬಂದು ಮತ್ತೆ ಹೊಡೆಯುವುದು. ಅಪ್ಪನ ಮೇಲಿನ ಕನಿಕರಕ್ಕೆ ಹೀಗೆ ಮಾಡುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಪೂರ್ತಿ ನಿಜವಲ್ಲ ಅದು. ತನ್ನ ಕೆಲಸವನ್ನು ಅಪ್ಪನ ಬಾಯಲ್ಲಿ ಹೊಗಳಿಸಿಕೊಳ್ಳಲು ಅವಳಿಗಿದ್ದ ದಾರಿ ಅದೊಂದೇ. ಆ ರುಚಿ ಹತ್ತಿಬಿಟ್ಟಿತ್ತು, ಅವಳನ್ನು ಬೈದು ಫಲವಿಲ್ಲ.

ಹೀಗಿರುವಾಗ ಹಲ್ಲಿನ ಡಾಕ್ಟರಮ್ಮನ ಕಾರು ಬಂತು. ಇಬ್ಬರೇ ಕೂರುವ, ತಲೆಯ ಮೇಲೆ ಚಾವಣಿಯಿಲ್ಲದ, ಹೊಟ್ಟೆ ನೆಲಕ್ಕೆ ತಾಗುತ್ತದೇನೋ ಅನ್ನಿಸುವಷ್ಟು ಕುಳ್ಳಗಿನ ಸ್ಪೋರ್ಟ್ಸ್ ಕಾರು. ಬಂದಾಗ ಅದರಲ್ಲಿ ಕಾರು ಅನ್ನುವಂಥದ್ದೇನೂ ಉಳಿದಿರಲಿಲ್ಲ. ಯಾರದೋ ಹಿತ್ತಿಲಲ್ಲಿ ಬಿದ್ದು ಸೀಟಿನಲ್ಲಿ ಕೋಳಿ ಮೊಟ್ಟೆಯಿಡುತ್ತಿತ್ತಂತೆ. "ಒಂದು ಬೋಲ್ಟು ಕೂಡ ಬೇರೆಯದು ಇರಬಾರದು ಯಜಮಾನ್ರೇ," ಎಂದು ಡಾಕ್ಟರಮ್ಮ ಹೇಳಿದಾಗ ಅಪ್ಪನಿಗೆ ತಮ್ಮ ಜಾತಕಕ್ಕೆ ಸರಿಹೊಂದುವ ಗಿರಾಕಿ ಸಿಕ್ಕ ಹಾಗಾಯಿತು. ಡ್ಯಾಶ್‌ಬೋರ್ಡಿನ ಹಿಂದೆ ಸಿಕ್ಕ ಬಣ್ಣ ಬಿಳಿ. ಬರೀ ಬಿಳಿಯಲ್ಲ, ಹಾಲಿಗೆ ಎಲ್ಲೋ ಒಂದು ಹನಿ ನೀಲಿ ಬಿದ್ದ ಹಾಗಿನ ತಣ್ಣನೆಯ ಬಿಳಿ. ಅದೃಷ್ಟಕ್ಕೆ ಮೊದಲ ಡಬ್ಬಿ ಕಲಸುವಾಗ ಮಗಳು ಗನ್ ತೊಳೆಯುತ್ತಾ ಪಕ್ಕದಲ್ಲೇ ಇದ್ದಳು. ಅಪ್ಪ ಕೆಮ್ಮುತ್ತಾ ಆಚೆ ಹೋದಾಗಲೆಲ್ಲ ಡಬ್ಬಿಗೆ ಹನಿ ಸೇರಿಸಿ ಸೇರಿಸಿ ಸರಿಮಾಡಿದಳು. ಇಡೀ ಮೈ ಚೆನ್ನಾಗಿ ಬಂತು.

ಎಡಬಾಗಿಲು ಮಾತ್ರ ತಡವಾಯಿತು. ಅದರ ಬುಡ ತುಕ್ಕು ತಿಂದು ಹೋಗಿತ್ತು, ಮಾವ ಹೊಸ ತಗಡು ಬಡಿದು ಕೂರಿಸುವ ಹೊತ್ತಿಗೆ ಮೊದಲ ಡಬ್ಬಿ ಖಾಲಿ. ಅದೇ ವಾರ ಅಮ್ಮನ ಕಣ್ಣಿನ ಪೊರೆ ತೆಗೆಸಬೇಕಾಗಿತ್ತು. ಅಪ್ಪ ಅಮ್ಮನ ಜೊತೆ ಆಸ್ಪತ್ರೆಗೆ ಹೋಗುತ್ತಾರೆ, ಆಗ ಬಾಗಿಲು ತಾನು ಹೊಡೆದುಬಿಡಬಹುದು ಎಂದು ಮಗಳು ಲೆಕ್ಕ ಹಾಕಿದ್ದಳು. "ಕಣ್ಣಿನ ಆಸ್ಪತ್ರೆಯಲ್ಲಿ ನನಗೇನು ಕೆಲಸ? ನೀನು ಹೋಗು," ಎಂದರು ಅಪ್ಪ. ಅವಳು ಅಮ್ಮನ ಹಾಸಿಗೆಯ ಪಕ್ಕ ಕೂತು ಕಣ್ಣಿಗೆ ಔಷಧಿ ಬಿಡುತ್ತಿರುವಾಗ ಇತ್ತ ಅಪ್ಪ ಹೊಸದಾಗಿ ಬಣ್ಣ ಕಲಸಿ, ಬಾಗಿಲಿಗೆ ಹೊಡೆದು, ಕೂರಿಸಿಯೂ ಬಿಟ್ಟಿದ್ದರು. ಅವಳು ಬಂದು ನೋಡಿದರೆ ಬಾಗಿಲು ಹಳೇ ಹಲ್ಲಿನ ಹಾಗೆ ಹಳದಿ.

"ಸರಿ ಇದೆಯಾ?" ಎಂದರು ಅಪ್ಪ.

"ಸರಿಯಾಗಿದೆ ಅಪ್ಪ."

ಈ ಸಲ ಕದ್ದು ಹೊಡೆಯಲೂ ಆಗಲಿಲ್ಲ. ಆ ಕಾರಿನ ಮೇಲೆ ಅಪ್ಪನಿಗೆ ಎಂಥ ಮೋಹವೆಂದರೆ ರಜೆಯ ದಿನವೂ ಬಂದು, ಕುರ್ಚಿ ಹಾಕಿಕೊಂಡು ಅದರೆದುರು ಕೂರುತ್ತಿದ್ದರು. ಮಗಳಿಗೆ ಊಟ ಸೇರಲಿಲ್ಲ. ಬೇರೆ ಯಾರಾದರೂ ಗಿರಾಕಿಯಾಗಿದ್ದರೆ ಗಮನಿಸದೆ ತೆಗೆದುಕೊಂಡು ಹೋಗುತ್ತಿದ್ದರೋ ಏನೋ. ಇವರು ಬೆಳಗಾದರೆ ಒಬ್ಬರ ಬಾಯಿಯಲ್ಲಿ ಹೊಸ ಹಲ್ಲನ್ನು ಪಕ್ಕದ ಹಲ್ಲಿಗೆ ಹೊಂದಿಸುವವರು. ಬಿಳಿಯಲ್ಲಿ ಎಷ್ಟು ಬಗೆ ಇದೆ ಎಂದು ಅವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾಲ್ಕು ಜನರೆದುರು ಅವರು ಬಾಗಿಲಿನ ಮುಂದೆ ನಿಂತು ಹುಬ್ಬು ಗಂಟಿಕ್ಕುವುದು, ಅಪ್ಪ ಏನಾಯಿತೆಂದು ತಿಳಿಯದೆ ನಗುತ್ತಾ ನಿಂತಿರುವುದು, ಇದೇ ಅವಳ ಕಣ್ಣ ಮುಂದೆ ಬರುತ್ತಿತ್ತು.

ಆದರೆ ಬಾಗಿಲಿನ ಸುದ್ದಿ ಎತ್ತಿದ್ದು ಡಾಕ್ಟರಮ್ಮ ಅಲ್ಲ, ಅಮ್ಮ.

ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಅಮ್ಮನಿಗೆ ಸುಮ್ಮನೆ ಕೂರಲಾಗಲಿಲ್ಲ. ಗೋಡೆಯ ಮೂಲೆಯ ಬಲೆ, ಪಾತ್ರೆಯ ತಳದ ಕಲೆ, ಗಂಡನ ಮುಖದ ಸುಕ್ಕು, ಎಲ್ಲವನ್ನೂ ಕೂಗಿ ಕೂಗಿ ಹೇಳುತ್ತಿದ್ದಳು. ಕಪ್ಪು ಕನ್ನಡಕ ಹಾಕಿಕೊಂಡು ಶೆಡ್ಡಿಗೂ ಬಂದಳು, ಒಳಗೆ ಬಂದು ಅದನ್ನು ತೆಗೆದಳು.

"ಅಯ್ಯೋ, ಎಷ್ಟು ಚೆನ್ನಾಗಿದೆ ರೀ! ಮದುಮಗಳ ಹಾಗಿದೆ," ಎಂದು ಕಾರನ್ನು ಸುತ್ತು ಹಾಕಿದಳು. ಎಡಗಡೆ ಬಂದವಳು ನಿಂತಳು. "ಈ ಬಾಗಿಲಿಗೆ ಇನ್ನೂ ಬಣ್ಣ ಹೊಡೀಬೇಕಾ?"

"ಯಾವುದಕ್ಕೆ?"

"ಇದಕ್ಕೆ. ಹಳದಿ ಇದೆಯಲ್ಲ."

ಮೂಲೆಯಲ್ಲಿ ಮಾವನ ಸುತ್ತಿಗೆ ನಿಂತಿತು. ಅಪ್ಪ ಜೋರಾಗಿ ನಕ್ಕರು. "ಕೇಳಿದ್ಯೇನೋ? ನಿಮ್ಮಕ್ಕನಿಗೆ ಮೊನ್ನೆ ಕಣ್ಣು ಬಂತು, ಇವತ್ತು ನನಗೇ ಬಣ್ಣ ಹೇಳಿಕೊಡ್ತಾಳೆ!"

ಮಾವ ನಗಲಿಲ್ಲ. ಅಪ್ಪ ಇನ್ನೊಮ್ಮೆ ಅವನ ಕಡೆ ನೋಡಿದರು. ಆಮೇಲೆ ಗೂಡಿನಲ್ಲಿದ್ದ ಮೊದಲ ಡಬ್ಬಿಯ ಪಟ್ಟಿಯನ್ನು ತೆಗೆದು, ಬಾಗಿಲಿಗೆ ಒತ್ತಿ ಹಿಡಿದರು. "ಎಲ್ಲಿದೆ ಗೆರೆ? ತೋರಿಸೇ, ಗೆರೆ ಎಲ್ಲಿದೆ ತೋರಿಸು."

ತಮ್ಮನ ಮುಖ ನೋಡಿ ಅಮ್ಮನಿಗೆ ಏನೋ ಹೊಳೆಯಿತು. "ನನಗೇನು ಗೊತ್ತಾಗ್ತದೆ ಬಿಡಿ," ಎಂದು ಕನ್ನಡಕ ಹಾಕಿಕೊಂಡಳು. ಅಪ್ಪ ಮಗಳ ಕಡೆ ತಿರುಗಿದರು. ಪಟ್ಟಿ ಹಿಡಿದ ಕೈ ಹಾಗೇ ಇತ್ತು.

"ನೀ ಹೇಳು."

ಗೆರೆ ಇಲ್ಲ ಅನ್ನುವುದು ಸುಲಭವಿತ್ತು, ಬಾಯಿಗೆ ಅದೇ ಅಭ್ಯಾಸವೂ ಆಗಿತ್ತು. ಆದರೆ ಹುಬ್ಬು ಗಂಟಿಕ್ಕಿದ ಡಾಕ್ಟರಮ್ಮ ಕಣ್ಣ ಮುಂದೆ ಬಂದರು. ಪರರ ಬಾಯಲ್ಲಿ ಕೇಳುವುದಕ್ಕಿಂತ ತನ್ನ ಬಾಯಲ್ಲೇ ಕೇಳಲಿ ಅನ್ನಿಸಿತು.

"ಗೆರೆ ಕಾಣ್ತದೆ ಅಪ್ಪ. ಪಟ್ಟಿ ಬಿಳಿ, ಬಾಗಿಲು ಹಳದಿ."

ಅಪ್ಪ ಪಟ್ಟಿಯನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು. "ಯಾವಾಗಿಂದ?"

"ನೀವು ಬಾಗಿಲು ಕೂರಿಸಿದಾಗಿಂದ."

"ಅದಲ್ಲ ನಾನು ಕೇಳಿದ್ದು."

"ಆ ಹಸಿರು ಕಾರಿನಿಂದ."

"ಹಸಿರು ಕಾರು ಸರಿಯಾಗಿತ್ತಲ್ಲ!" ಅಪ್ಪನ ದನಿಯಲ್ಲಿ ಬೇಡುವ ಹಾಗಿನದೇನೋ ಇತ್ತು. "ನಾನು ನೋಡಿದ್ನಲ್ಲ."

"ಅದನ್ನ ನಾನು ಮತ್ತೆ ಹೊಡೆದಿದ್ದೆ."

"ಆಮೇಲೆ ಬಂದ ನೀಲಿಯದು?"

"ಅದೂ."

"ವಕೀಲರದ್ದು?"

"ಅದೂ ಅಪ್ಪ."

ಅಪ್ಪ ಕುರ್ಚಿಯಲ್ಲಿ ಕೂತರು. ಅವರು ಕೂಗಾಡಿದ್ದರೆ ಎಲ್ಲರಿಗೂ ನೆಮ್ಮದಿಯಾಗುತ್ತಿತ್ತು. ಅವರ ಕೂಗಾಟ ಮನೆಮಂದಿಗೆಲ್ಲ ರೂಢಿಯಾದದ್ದು. ಅವರು ಕೂಗಲಿಲ್ಲ. "ಹಾಗಾದ್ರೆ ನಾನು ಕಲಿ, ಕಲಿ ಅಂತ ನಿಂಗೆ ಹೇಳಿದ್ದು..." ಎಂದು ಶುರುಮಾಡಿ ಅಲ್ಲಿಗೇ ಬಿಟ್ಟರು. ಮಾವನ ಕಡೆ ತಿರುಗಿ ಕೇಳಿದರು: "ನಿಂಗೂ ಗೊತ್ತಿತ್ತು?"

"ಭಾವ, ನಿಮ್ಮ ಮನಸ್ಸಿಗೆ ನೋವಾಗಬಾರದು ಅಂತ..."

"ಎಲ್ಲರೂ ಸೇರಿ ನನ್ನನ್ನ ಚೆನ್ನಾಗಿ ಆಟ ಆಡಿಸಿದ್ರಿ," ಎಂದು ಅಪ್ಪ ಎದ್ದು ಹೊರಟರು. ಅಮ್ಮ ಹಿಂದೆಯೇ ಓಡಿದಳು.

ಮರುದಿನ ಅಮ್ಮನೇ ಹಟ ಹಿಡಿದು ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಪೊರೆಯಾದರೆ ತೆಗೆಸಿದರಾಯಿತು ಎಂದು ಎಲ್ಲರೂ ಅಂದುಕೊಂಡಿದ್ದರು. ಪೊರೆಯಲ್ಲ. ಕಣ್ಣಿನ ಹಿಂದಿನ ನರ ಸೊರಗಿದೆ, ಕತ್ತರಿ ಹಾಕಿ ಪ್ರಯೋಜನವಿಲ್ಲ, ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಬಹುದು ಎಂದರಂತೆ. ಇಷ್ಟು ವರ್ಷ ಅಮ್ಮನ ಕೈಹಿಡಿದು ರಸ್ತೆ ದಾಟಿಸಿದ್ದ ಅಪ್ಪ ಅವತ್ತು ಅಮ್ಮನ ಹಿಂದೆ ನಡೆದು ಮನೆಗೆ ಬಂದರು. ಆಮೇಲೆ ಶೆಡ್ಡಿಗೆ ಬರಲಿಲ್ಲ.

ಮಗಳು ಬಾಗಿಲು ಬಿಚ್ಚಿದಳು, ಹಳದಿಯನ್ನು ಉಜ್ಜಿ ತೆಗೆದಳು. ಹಾಡುಹಗಲಲ್ಲಿ, ಶೆಡ್ಡಿನ ಬಾಗಿಲು ತೆರೆದಿಟ್ಟುಕೊಂಡು, ಯಾರ ಭಯವೂ ಇಲ್ಲದೆ ಬಣ್ಣ ಕಲಸಿದ್ದು ಅವಳ ಜನ್ಮದಲ್ಲಿ ಅದೇ ಮೊದಲು. ಇಷ್ಟು ದಿನ ಇದಕ್ಕೇ ಅಲ್ಲವೇ ಆಸೆಪಟ್ಟದ್ದು? ಆದರೂ ಹನಿಯ ಲೆಕ್ಕ ತಪ್ಪಿತು. ಕದ್ದು ಕಲಸುವಾಗ ಎಂದೂ ತಪ್ಪಿರಲಿಲ್ಲ. ತಪ್ಪಿದ್ದರೂ ಅದು ಅಪ್ಪನ ಹೆಸರಿನಲ್ಲಿ ಹೋಗುತ್ತಿತ್ತು, ಅದಕ್ಕಿರಬೇಕು. ಹಾಳಾದದ್ದನ್ನು ಚೆಲ್ಲಿ, ಮತ್ತೆ ಕಲಸಿ, ಕೊನೆಗೆ ಹೊಡೆದಳು. ಬೆಳಗಿನ ಬೆಳಕಿನಲ್ಲಿ ಪಟ್ಟಿ ಒತ್ತಿದಳು, ಮಧ್ಯಾಹ್ನದ ಬೆಳಕಿನಲ್ಲಿ ಒತ್ತಿದಳು. ಗೆರೆ ಇರಲಿಲ್ಲ. ಬಾಗಿಲು ಕೂರಿಸಿ, "ಅಪ್ಪ, ಸರಿ ಇದೆಯಾ?" ಎಂದು ಬಾಯಿ ತೆರೆದಾಗಲೇ ಅಲ್ಲಿ ಖಾಲಿ ಕುರ್ಚಿ ಮಾತ್ರ ಇದೆಯೆಂದು ನೆನಪಾದದ್ದು. ಅವಳಿಗೆ ಅಳು ಬಂತು.

ಡಾಕ್ಟರಮ್ಮ ಕಾರು ಒಯ್ಯಲು ಬರುವ ದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಅಪ್ಪ ಬಂದರು. ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಯಾರೊಂದಿಗೂ ಮಾತಾಡದೆ ನೇರ ಎಡಬಾಗಿಲಿಗೆ ಹೋಗಿ, ಗೂಡಿನ ಪಟ್ಟಿಯನ್ನು ತಂದು ಒತ್ತಿದರು. ಬಾಗಿ ನೋಡಿದರು. ಹಳದಿ ಬಾಗಿಲಿನ ಮೇಲೆ ಅವರಿಗೆ ಗೆರೆ ಕಂಡಿರಲಿಲ್ಲ. ಇವತ್ತೂ ಕಾಣಲಿಲ್ಲ. ಅವರ ಪಾಲಿಗೆ ಆ ಬಾಗಿಲೂ ಈ ಬಾಗಿಲೂ ಒಂದೇ.

ಅವರು ನೆಟ್ಟಗೆ ನಿಂತು ಮಗಳನ್ನು ನೋಡಿದರು. "ಸರಿ ಇದೆಯಾ?" ಎಂದು ಕೇಳಿದರು. ಹೊಗಳಲಿ ಎಂದು ಕೇಳಿದ್ದಲ್ಲ. ಈ ಸಲ ಅವರಿಗೆ ಉತ್ತರ ಬೇಕಿತ್ತು.

ಇಡೀ ಜೀವಮಾನ ಅವಳು ಕಾದಿದ್ದು ಈ ಪ್ರಶ್ನೆಗೆ. "ಸರಿಯಾಗಿದೆ ಅಪ್ಪ," ಎಂದಳು.

"ನಿಜವಾಗ್ಲೂ?"

"ನಿಜವಾಗ್ಲೂ ಅಪ್ಪ. ಗೆರೆ ಇಲ್ಲ."

ಪಟ್ಟಿಯನ್ನು ನೋಡಿದ ರೀತಿಯಲ್ಲೇ ಅಪ್ಪ ಅವಳ ಮುಖವನ್ನು ಹತ್ತಿರದಿಂದ ನೋಡಿದರು. ಅಲ್ಲೂ ಅವರಿಗೆ ಏನೂ ಕಂಡ ಹಾಗೆ ಕಾಣಲಿಲ್ಲ.

"ಆಗಲೂ ನೀನು ಹೀಗೇ ಹೇಳ್ತಿದ್ದೆ," ಎಂದರು. ಕೋಪವಿರಲಿಲ್ಲ ಆ ಮಾತಿನಲ್ಲಿ, ಇದ್ದ ಸಂಗತಿಯನ್ನು ಹೇಳಿದರು ಅಷ್ಟೇ. "ಡಾಕ್ಟರಮ್ಮ ಬರಲಿ. ಅವರ ಬಾಯಲ್ಲೇ ಕೇಳೋಣ."

ಪಟ್ಟಿಯನ್ನು ಅವಳ ಕೈಗೆ ಕೊಟ್ಟು, ಕುರ್ಚಿಯನ್ನು ರಸ್ತೆಯ ಕಡೆ ತಿರುಗಿಸಿಕೊಂಡು ಕೂತರು. ಮಗಳು ಬಾಗಿಲಿನ ಪಕ್ಕದಲ್ಲೇ ನಿಂತು, ಪಟ್ಟಿಯನ್ನು ಮತ್ತೊಮ್ಮೆ ಅದಕ್ಕೆ ಒತ್ತಿ ಹಿಡಿದಳು.