ಗಾಲಿಯಲ್ಲಿದ್ದ ಎರಡನೇ ಮ್ಯಾಗ್ನೆಟ್

ಮಂಜ, ನಿನ್ನ ಅಳತೆ ಸರಿಯಾಗಿತ್ತು. ತಪ್ಪು ನನ್ನದು — ಅದು ಅಂದೇ ನನಗೆ ಗೊತ್ತಿತ್ತು.

ನಿನ್ನೆ ಫೋನಿನಲ್ಲಿ ನಗುನಗುತ್ತಲೇ ಅಂದೆಯಲ್ಲ: "ಮಗಳು ಸ್ಕೂಲಿಗೆ ಗಾಲಿ ಮೀಟರ್ ಮಾಡ್ತೈತಂತೆ ಕಣೋ, ನೀನೇ ಬಂದು ಅಳದುಕೊಡು. ನನ್ನ ಕೈಗೆ ಅಳತೆ ಬರಲ್ಲ ಅಂತ ನಿಂಗೇ ಗೊತ್ತೈತಲ್ಲ." ನಾನೂ ನಕ್ಕೆ. ಫೋನಿಟ್ಟ ಮೇಲೆ ನಗು ಬರಲಿಲ್ಲ.

ಚಿತ್ರದುರ್ಗದಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ ನಾವಿಬ್ಬರೂ ಸೇರಿ ಮಾಡಿದ್ದು ಡಿಜಿಟಲ್ ಓಡೋಮೀಟರ್ — ಗಾಡಿ ಎಷ್ಟು ದೂರ ಓಡಿತೆಂದು ಅಂಕಿಯಲ್ಲಿ ತೋರಿಸುವ ಡಬ್ಬಿ. ಗಾಲಿಯ ಕಡ್ಡಿಗೊಂದು ಮ್ಯಾಗ್ನೆಟ್. ಅದು ಸೆನ್ಸರ್ ಮುಂದೆ ಹಾದಾಗಲೆಲ್ಲ ಗಾಲಿಯ ಸುತ್ತಳತೆಯಷ್ಟು ದೂರ ಕೂಡಿಕೊಳ್ಳಬೇಕು. ಅಳೆಯುವುದು ನಿನ್ನ ಪಾಲು, ಸೆನ್ಸರ್ ಮತ್ತು ಪ್ರೋಗ್ರಾಂ ನನ್ನ ಪಾಲು. ಗಾಡಿ ಮಾತ್ರ ನಿಮ್ಮೂರು ಬಿ.ದುರ್ಗದಿಂದ ನೀನು ತಂದ ನಿಮ್ಮಪ್ಪನ ಮೊಪೆಡ್. ಮುಂದೆ ಕುರಿಮರಿ ಕೂರಿಸಿಕೊಂಡು ಓಡಾಡಿದ್ದ ಗಾಡಿ. ಎಷ್ಟು ತೊಳೆದರೂ ಲ್ಯಾಬಿನ ತುಂಬ ಕುರಿಹಟ್ಟಿಯ ವಾಸನೆ. ಕಡ್ಡಿಗಳಿಗೆಲ್ಲ ಬಣ್ಣದ ಮಣಿ. ನೀನು ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಕಾರಿಡಾರಿನಲ್ಲಿ ಒಂದು ಸುತ್ತು ಉರುಳಿಸಿ, ಟೇಪು ಹಿಡಿದು ಅಳೆದೆ.

ನೀನು ಊರಿಗೆ ಹೋಗಿದ್ದಾಗ ಆ ಮಣಿಗಳ ನಡುವೆ ನಾನು ಇನ್ನೊಂದು ಮ್ಯಾಗ್ನೆಟ್ ಅಂಟಿಸಿದೆ. ಅಂಕಿಗಳು ಇನ್ನಷ್ಟು ಚುರುಕಾಗಿ ಓಡಲಿ ಎಂಬ ಆಸೆ. ಅದಕ್ಕೆ ತಕ್ಕಂತೆ ಪ್ರೋಗ್ರಾಂ ಬದಲಿಸಲು ಮರೆತೆ. ಮರೆತೆ — ಈ ಪದವನ್ನೇ ನಂಬಲಾರೆ. ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಹೊಳಲ್ಕೆರೆ ರಸ್ತೆಯಲ್ಲಿ ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲಿಗೆ ಹೋದಾಗ ಡಬ್ಬಿ ಎರಡು ತೋರಿಸಿತು. ಬಿಸಿಲಿತ್ತೆ, ಮೋಡವಿತ್ತೆ, ನೀನು ಯಾವ ಅಂಗಿ ಹಾಕಿದ್ದೆ — ಅದೆಲ್ಲ ಆಮೇಲೆ ನಾನೇ ಸೇರಿಸಿಕೊಂಡಿದ್ದಿರಬಹುದು. ಆದರೆ ಆ ಎರಡನ್ನು ನೋಡಿದ ಕೂಡಲೇ ನನಗೆ ಕಾರಣ ಹೊಳೆಯಿತು: ಎರಡು ಮ್ಯಾಗ್ನೆಟ್, ಒಂದೇ ಸುತ್ತಿಗೆ ಎರಡು ಎಣಿಕೆ. ಅದು ಖಚಿತ.

ನನ್ನ ಪ್ರೋಗ್ರಾಂನಲ್ಲಿ ತಪ್ಪು ಹುಡುಕಿದವರಿಗೆ ಮಂಡಕ್ಕಿ ಮೆಣಸಿನಕಾಯಿ ಕೊಡಿಸುತ್ತೇನೆಂದು ಇಡೀ ಹಾಸ್ಟೆಲಿಗೆ ಸವಾಲು ಹಾಕಿದ್ದೆನಲ್ಲ. ನಿನ್ನ ಅಳತೆ ತಪ್ಪಿದೆ ಎಂದುಬಿಟ್ಟೆ.

"ಗಾಲಿ ಕಣ್ಣೆದುರಿಗೇ ಐತಲ್ಲೋ," ಎಂದು ನೀನು ಮತ್ತೆ ಉರುಳಿಸಿದೆ. ಅದೇ ಅಳತೆ. ಮರುದಿನವೇ ಪರೀಕ್ಷೆ. ಕೊನೆಗೆ ನನ್ನ ಮಾತು ನಂಬಿ, ಪ್ರೋಗ್ರಾಂನಲ್ಲಿದ್ದ ಸುತ್ತಳತೆಯನ್ನು ನೀನೇ ಕೈಯಾರೆ ಅರ್ಧಕ್ಕಿಳಿಸಿದೆ. ಡಬ್ಬಿ ಸರಿಯಾಗಿ ತೋರಿಸಿತು. ನೀನು ಕುಣಿದೆ, ನಿನ್ನ ಜೊತೆ ನಾನೂ ಕುಣಿದೆ, ಅದೇ ನಾಚಿಕೆಗೇಡು.

ಪರೀಕ್ಷಕರ ಮುಂದೆ ಗಾಡಿ ಓಡಿಸಿದವನೂ ನೀನೇ. ಕಾಲೇಜಿನ ಗೇಟಿನ ಹತ್ತಿರ ಹಂಪ್ ಹಾರಿದಾಗ ನನ್ನ ಮ್ಯಾಗ್ನೆಟ್ ಉದುರಿಹೋಯಿತು. ಡಬ್ಬಿ ಅರ್ಧ ದೂರ ತೋರಿಸಿತು. ಅವರು ಪ್ರೋಗ್ರಾಂ ನೋಡಿದರು, ಗಾಲಿ ನೋಡಿದರು.

"ಇದನ್ನ ಅಳದವರು ಯಾರಪ್ಪ? ಅರ್ಧ ಗಾಲಿ ಮನೇಲೇ ಬಿಟ್ಟು ಬಂದ್ರಾ?"

ನೀನು ನನ್ನ ಕಡೆ ತಿರುಗಲೂ ಇಲ್ಲ. "ನಾನೇ ಸರ್."

ನಾನು ಬಗ್ಗಿ ಬೂಟಿನ ಲೇಸು ಕಟ್ಟಿಕೊಂಡೆ. ಕಟ್ಟಿಕೊಳ್ಳುತ್ತಲೇ ಇದ್ದೆ. ಎಲ್ಲರೂ ಹೋದ ಮೇಲೆ ಹಂಪಿನ ಬಳಿ ಹುಡುಕಿ, ಮ್ಯಾಗ್ನೆಟನ್ನು ಜೇಬಿಗೆ ಹಾಕಿಕೊಂಡೆ.

ಇಬ್ಬರೂ ಪಾಸಾದೆವು. ನೀನು ಅರ್ಧಗಾಲಿ ಮಂಜನಾದೆ. ಹೊಸದುರ್ಗದಲ್ಲಿ ನಿನ್ನ ಮದುವೆಯ ದಿನ ಆ ಹೆಸರನ್ನು ಮೈಕಿನಲ್ಲಿ ಕೂಗಿದವನು ನಾನೇ. ಬೀಗರು ನಕ್ಕರು, ಎಲ್ಲರಿಗಿಂತ ಜೋರಾಗಿ ನೀನು ನಕ್ಕೆ. ಬರೀ ತಮಾಷೆ, ಯಾರಿಗೇನು ನಷ್ಟ ಎಂದುಕೊಂಡೇ ಇಷ್ಟು ವರ್ಷ — ಇಲ್ಲ, ಅದೂ ಸುಳ್ಳು. ಹಿರಿಯೂರಿನ ನಿನ್ನ ಅಂಗಡಿಯಲ್ಲಿ ಪೈಪು ಕತ್ತರಿಸುವ ಮೊದಲು ನೀನು ಗಿರಾಕಿಯ ಕೈಗೇ ಟೇಪು ಕೊಟ್ಟು, "ನೀವೇ ಅಳೀರಿ, ನಂದು ಅರ್ಧಗಾಲಿ ಲೆಕ್ಕ," ಎಂದದ್ದನ್ನು ಕಣ್ಣಾರೆ ಕಂಡಿದ್ದೆ. ಅವತ್ತೂ ನಿನ್ನ ಚಹಾ ಕುಡಿದು ಎದ್ದು ಬಂದೆ.

ಆ ಮ್ಯಾಗ್ನೆಟ್ ನಮ್ಮನೆ ಫ್ರಿಜ್ಜಿನ ಬಾಗಿಲಿನಲ್ಲಿದೆ. ಭಾನುವಾರ ತರುತ್ತೇನೆ. ನಿನ್ನ ಮಗಳ ಎದುರಿಗೇ ಎಲ್ಲ ಹೇಳುತ್ತೇನೆ. ಮಂಡಕ್ಕಿ ಮೆಣಸಿನಕಾಯಿಯೂ ನನ್ನದೇ. ಆದರೆ ಅವಳ ಗಾಲಿಯನ್ನು ನಾನು ಮುಟ್ಟುವುದಿಲ್ಲ. ನೀನು ಉರುಳಿಸು, ನೀನೇ ಅಳೆ. ಟೇಪಿನ ಇನ್ನೊಂದು ತುದಿ ಹಿಡಿದು ಕೂತಿರುತ್ತೇನೆ — ನೀನು ಹೇಳಿದ ಅಂಕಿಯೇ ಅಂಕಿ.