ಅವಿರೋಧ ಆಯ್ಕೆಯ ಖರ್ಚು

ಗೆಳೆಯರೇ, ನಮ್ಮ ಇಳಕಲ್ಲ ನೇಕಾರರ ಸಂಘದ ಅಧ್ಯಕ್ಷರ ಆಯ್ಕೆ ಇವತ್ತು 'ಅವಿರೋಧ'ವಾಗಿ ಆಯಿತು. ತಗುಲಿದ ಖರ್ಚು: ಅರ್ಧ ದಿನ ನಿಂತ ನನ್ನ ಮಗ್ಗ, ಹನ್ನೊಂದು ಕಪ್ಪು ಚಹಾ, ನನ್ನದೊಂದು ಸಹಿ.

ನಮ್ಮ ಓಣಿಗೆ ಸಂಘದ ನೂಲು ಯಾವಾಗಲೂ ಕೊನೆಗೇ ಬರುತ್ತದೆ. ಅದನ್ನು ಸರಿಮಾಡಲೆಂದೇ ಹಳೇ ಅಧ್ಯಕ್ಷರ ಎದುರು ನಾಮಪತ್ರ ಕೊಟ್ಟಿದ್ದೆ. ಬೆಳಿಗ್ಗೆ ಅವರ ಪರವಾಗಿ ಹತ್ತು ಮಂದಿ ಹಿರಿಯರು ನಮ್ಮ ಪಡಸಾಲೆಗೆ ಬಂದು ಕೂತರು.

"ಅವಿರೋಧ ಅಂದ್ರ ಎಲ್ಲಾರೂ ಒಪ್ಪಿದ್ದು, ತಮ್ಮಾ," ಅಂದರು ಗುರಪ್ಪಜ್ಜ.

"ನಾ ಒಪ್ಪಿಲ್ಲಲ್ರಿ, ಅಜ್ಜಾರ."

"ಅದಕ್ಕ ಬಂದೇವಿ. ನೀ ಅರ್ಜಿ ಹಿಂದ ತಗೊಳ್ಳೂತನಕಾ ನಿಮ್ಮ ಮನ್ಯಾಗ ನೀರೂ ಮುಟ್ಟೂದಿಲ್ಲ."

ಮುಂದಿಟ್ಟ ತಂಬಿಗೆ ಹಾಗೇ ಉಳಿಯಿತು. ಪಕ್ಕದ ಮನೆಯ ರೇಡಿಯೋದಲ್ಲಿ ಮಧ್ಯಾಹ್ನದ ವಾರ್ತೆಯೂ ಮುಗಿಯಿತು. ಕಡೆಗೆ ಅವ್ವ ಹೊರಬಂದಳು. "ಹಿರ್ಯಾರು ಒಣಬಾಯಿಲೆ ಎದ್ದು ಹೋದ್ರ ನಾ ಓಣ್ಯಾಗ ಮಾರಿ ಹೆಂಗ ತೋರಸ್ಲಿ? ಸಹಿ ಮಾಡು."

ಮಾಡಿದೆ. ಎಲ್ಲರೂ ಚಹಾ ಕುಡಿದರು, ಅಜ್ಜ ಎರಡು ಸಲ. ಸಂಜೆ ಸಭೆಯಲ್ಲಿ "ಯಾರ ವಿರೋಧವೂ ಇರಲಿಲ್ಲ" ಎಂದು ಚುನಾವಣಾಧಿಕಾರಿ ಓದಿದರು. ನನ್ನ ದೊಡ್ಡ ಮನಸ್ಸಿಗೆ ಚಪ್ಪಾಳೆ ಬಿತ್ತು, ಕೊರಳಿಗೊಂದು ಹಾರವೂ ಬಿತ್ತು.

ಅಧ್ಯಕ್ಷರಿಗೆ ಕುರ್ಚಿ, ಅಜ್ಜನಿಗೆ ಎರಡು ಕಪ್ಪು ಚಹಾ, ಅವ್ವನಿಗೆ ಮರ್ಯಾದೆ, ನನಗೊಂದು ಹಾರ. ನಮ್ಮ ಓಣಿಗೆ ನೂಲು ಇನ್ನು ಮುಂದೆಯೂ ಕೊನೆಗೇ.